ಕೇಂದ್ರಾಪಗಾಮಿ ಅನಿಲ ಸಂಪೀಡಕದ ದಕ್ಷತೆಯೂ ಅದರ ಗಣನಾಕ್ರಮಗಳೂ

೧. ಪೀಠಿಕೆ

'ದಕ್ಷತೆ' ಎಂಬುದು ನಮ್ಮ ಭಾಷೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಶಬ್ದ. ದಕ್ಷನಾದ ಮಂತ್ರಿ, ದಕ್ಷನಾದ ದಳಪತಿ ಎಂದರೆ ಅರ್ಥದಲ್ಲಿ ಯಾರಿಗೂ ಸಂದೇಹ ಬಾರದು. ಇದೇ ಶಬ್ದವನ್ನು ಯಂತ್ರಶಾಸ್ತ್ರಕ್ಕೆ ಎರವಲು ಕೊಟ್ಟಾಗ ಮಾತ್ರ ಒಂದು ತೊಡಕು ತಲೆದೋರುತ್ತದೆ. ಗಾಳಿಯನ್ನು ಒತ್ತುವ ಒಂದೇ ಯಂತ್ರವನ್ನು ಒಂದೇ ದಿನ, ಒಂದೇ ಅಳತೆಗಳಿಂದ ಪರೀಕ್ಷಿಸಿ, ಅದರ ದಕ್ಷತೆ ನೂರಕ್ಕೆ ೬೫ ಎಂದು ಒಬ್ಬರೂ, ೭೭ ಎಂದು ಇನ್ನೊಬ್ಬರೂ, ೮೦ ಎಂದು ಮತ್ತೊಬ್ಬರೂ ಹೇಳಬಹುದು. ಮೂವರ ಮಾತೂ ಸತ್ಯವಾಗಿರಬಹುದು. ಪದ್ಯದ ಒಂದೇ ಪಾದವನ್ನು ಅಕ್ಷರಗಳಿಂದ ಎಣಿಸಿದರೆ ಒಂದು ಸಂಖ್ಯೆ, ಮಾತ್ರೆಗಳಿಂದ ಎಣಿಸಿದರೆ ಮತ್ತೊಂದು ಸಂಖ್ಯೆ ಬರುವುದಷ್ಟೆ. ಎಣಿಕೆಯಲ್ಲಿ ದೋಷವಿಲ್ಲ, ಯಾವುದನ್ನು ಎಣಿಸಿದೆವು ಎಂಬುದನ್ನು ಹೇಳದೆ ಬಿಟ್ಟರೆ ದೋಷ. ಸಂಪೀಡಕದ ವಿಷಯದಲ್ಲಿಯೂ ಹೀಗೆಯೇ. ಈ ಮೂರು ಸಂಖ್ಯೆಗಳು ಹೇಗೆ ಹುಟ್ಟುತ್ತವೆ, ಅವುಗಳಲ್ಲಿ ಯಾವುದನ್ನು ಎಲ್ಲಿ ನಂಬಬೇಕು, ನೈಜವಾದ ಅನಿಲಗಳ ವಿಷಯದಲ್ಲಿ ಗಣನೆಯನ್ನು ಹೇಗೆ ತಿದ್ದಿಕೊಳ್ಳಬೇಕು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಷಯವನ್ನು ಬೀದರ ಸೀಮೆಯನ್ನು ಆಧಾರವಾಗಿಟ್ಟುಕೊಂಡು ವಿವರಿಸಲು ಎರಡು ಕಾರಣಗಳಿವೆ. ಬೀದರ ನಗರವು ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಮಿಕ್ಕಿದ ಎತ್ತರದಲ್ಲಿ, ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಅಲ್ಲಿಂದ ಭಾಲ್ಕಿಗೂ, ಕರ್ನಾಟಕದ ಉತ್ತರದ ತುತ್ತತುದಿಯಾದ ಔರಾದಿಗೂ ಹೋದರೆ ಬೇಸಗೆಯಲ್ಲಿ ಬಿಸಿಲಿನ ಝಳ ೪೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದು ಸಾಮಾನ್ಯ. ಎತ್ತರ ಮತ್ತು ಉಷ್ಣತೆ ಎರಡೂ ಗಾಳಿಯನ್ನು ವಿರಳಗೊಳಿಸುತ್ತವೆ. ಸಂಪೀಡಕದ ಗಣನೆಯಲ್ಲಿ ಇವೆರಡಕ್ಕೂ ಮೊದಲ ಸ್ಥಾನ. ಇದು ಮೊದಲನೆಯ ಕಾರಣ. ಎರಡನೆಯದು ಭಾಷೆಗೆ ಸಂಬಂಧಿಸಿದ್ದು. ಅದನ್ನು ಕಡೆಯಲ್ಲಿ ವಿಚಾರಿಸುವೆವು.

೨. ಯಂತ್ರದ ಸ್ವರೂಪ

ಗಾಳಿಯನ್ನು ಒತ್ತುವ ಉಪಾಯಗಳಲ್ಲಿ ನಮ್ಮ ಜನಕ್ಕೆ ಪುರಾತನವಾಗಿ ತಿಳಿದಿರುವುದು ಕಮ್ಮಾರನ ತಿದಿ. ತೊಗಲಿನ ಚೀಲ ಹಿಗ್ಗಿದಾಗ ಗಾಳಿ ಒಳಗೆ ಬರುತ್ತದೆ, ಕುಗ್ಗಿದಾಗ ಕೊಳವೆಯಿಂದ ಕುಲುಮೆಗೆ ನುಗ್ಗುತ್ತದೆ. ಇಲ್ಲಿ ಗಾಳಿಗೆ ಇರುವ ಎಡೆಯನ್ನೇ ಕಿರಿದು ಮಾಡುತ್ತೇವೆ. ಎಷ್ಟೋ ಕುಲುಮೆಗಳಲ್ಲಿ ತಿದಿಯ ಸ್ಥಾನಕ್ಕೆ, ಕೈಯಿಂದ ತಿರುಗಿಸುವ ಒಂದು ಗುಂಡನೆಯ ಗಾಳಿಯಂತ್ರ ಬಂದಿದೆ. ಅದರ ಗೂಡಿನೊಳಗೆ ರೆಕ್ಕೆಗಳುಳ್ಳ ಒಂದು ಚಕ್ರ ಸುತ್ತುತ್ತದೆ; ಗಾಳಿ ನಡುವಿನಲ್ಲಿ ಹೊಕ್ಕು ಅಂಚಿನಿಂದ ಹೊರಬೀಳುತ್ತದೆ. ಇಲ್ಲಿ ಎಡೆಯನ್ನು ಕಿರಿದು ಮಾಡುವುದಿಲ್ಲ. ಗಾಳಿಗೆ ವೇಗವನ್ನು ಕೊಟ್ಟು, ಆ ವೇಗವನ್ನು ಒತ್ತಡವಾಗಿ ಮಾರ್ಪಡಿಸುತ್ತೇವೆ. ಕೇಂದ್ರಾಪಗಾಮಿ ಸಂಪೀಡಕವು ಈ ಸಣ್ಣ ಯಂತ್ರದ ದೊಡ್ಡ ಬಂಧು.

'ಕೇಂದ್ರಾಪಗಾಮಿ' ಎಂದರೆ ಕೇಂದ್ರದಿಂದ ದೂರ ಹೋಗುವುದು. ಜೋಳದ ಹೊಲದಲ್ಲಿ ಅಟ್ಟವನ್ನೇರಿ ಕವಣೆ ಬೀಸುವವನಿಗೆ ಇದರ ತತ್ತ್ವ ಗೊತ್ತು. ಬೀದರ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲಿ ಹರಳನ್ನು ಕಾಕಂಬಿಯಿಂದ ಬೇರ್ಪಡಿಸುವ, ರಂಧ್ರಗಳುಳ್ಳ ಬುಟ್ಟಿಯ ಯಂತ್ರವೂ ಇದೇ ತತ್ತ್ವದಿಂದ ನಡೆಯುತ್ತದೆ: ವೇಗವಾಗಿ ಸುತ್ತುವ ಬುಟ್ಟಿಯಿಂದ ದ್ರವವು ಹೊರಕ್ಕೆ ಚಿಮ್ಮುತ್ತದೆ, ಹರಳು ಒಳಗೆ ಉಳಿಯುತ್ತದೆ. ಸಂಪೀಡಕದಲ್ಲಿ ಹೊರಕ್ಕೆ ಚಿಮ್ಮುವುದು ಅನಿಲ. ಸುತ್ತುವ ಚಕ್ರಕ್ಕೆ ಇಂಪೆಲ್ಲರ್ ಎಂದೂ, ಅದರ ಸುತ್ತ ಕ್ರಮವಾಗಿ ಅಗಲವಾಗುತ್ತ ಹೋಗುವ ನಿಶ್ಚಲವಾದ ದಾರಿಗೆ ಡಿಫ್ಯೂಸರ್ ಎಂದೂ ಹೆಸರು. ಇಂಪೆಲ್ಲರು ಅನಿಲದ ವೇಗ ಒತ್ತಡಗಳೆರಡನ್ನೂ ಏರಿಸುತ್ತದೆ. ಡಿಫ್ಯೂಸರು ವೇಗವನ್ನು ತಗ್ಗಿಸಿ ಒತ್ತಡವನ್ನು ಇನ್ನಷ್ಟು ಏರಿಸುತ್ತದೆ.

ಚಕ್ರವು ಅನಿಲಕ್ಕೆ ಎಷ್ಟು ಕಾರ್ಯವನ್ನು ಕೊಡುತ್ತದೆ ಎಂಬುದನ್ನು ಹದಿನೆಂಟನೆಯ ಶತಮಾನದಲ್ಲಿಯೇ ಗಣಿತಜ್ಞ ಆಯ್ಲರನು ತೋರಿಸಿಕೊಟ್ಟ ಸಂಬಂಧದಿಂದ ಲೆಕ್ಕ ಹಾಕಬಹುದು. ಅನಿಲವು ಒಳಕ್ಕೆ ಬರುವಾಗ ಸುತ್ತುತ್ತಿರದಿದ್ದರೆ, ಒಂದು ಕಿಲೋಗ್ರಾಂ ಅನಿಲಕ್ಕೆ ಸಲ್ಲುವ ಕಾರ್ಯವು ಚಕ್ರದ ಅಂಚಿನ ವೇಗವನ್ನು ಅನಿಲದ ಸುತ್ತುವೇಗದಿಂದ ಗುಣಿಸಿದಷ್ಟು. ಅನಿಲದ ಸುತ್ತುವೇಗವು ಅಂಚಿನ ವೇಗದ ಹತ್ತರಲ್ಲಿ ಏಳು ಪಾಲಾಗಿದ್ದು, ಅಂಚಿನ ವೇಗ ಸೆಕೆಂಡಿಗೆ ೪೪೫ ಮೀಟರ್ ಆಗಿದ್ದರೆ, ಕಿಲೋಗ್ರಾಮಿಗೆ ಸುಮಾರು ೧೩೯ ಕಿಲೋಜೂಲ್ ಕಾರ್ಯ ಸಲ್ಲುತ್ತದೆ. ಇದರಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಕಾರ್ಯವು ಮುಖ್ಯವಾಗಿ ಚಕ್ರದ ವೇಗದಿಂದ ನಿಶ್ಚಿತವಾಗುತ್ತದೆಯೇ ಹೊರತು ಅನಿಲ ಬಿಸಿಯೋ ತಂಪೋ ಎಂಬುದರಿಂದಲ್ಲ. ಮುಂದೆ ಬೀದರದ ಬೇಸಗೆಯನ್ನು ವಿಚಾರಿಸುವಾಗ ಈ ಮಾತು ಉಪಯೋಗಕ್ಕೆ ಬರುವುದು.

೩. ಶಾಖ, ಉಷ್ಣತೆ, ಎಂಟ್ರೋಪಿ

ಅನಿಲವನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬುವಾಗ ಪಂಪಿನ ಬುಡ ಕೈಗೆ ಬೆಚ್ಚಗಾಗುವುದು ಎಲ್ಲರ ಅನುಭವ. ಹೊರಗಿನಿಂದ ಶಾಖವನ್ನು ಕೊಡದಿದ್ದರೂ ಉಷ್ಣತೆ ಏರಿತು. ಏಕೆಂದರೆ ನಾವು ಮಾಡಿದ ಕಾರ್ಯವೇ ಅನಿಲದ ಶಕ್ತಿಯಾಗಿ ಪರಿಣಮಿಸಿತು. 'ಶಾಖ' ಮತ್ತು 'ಉಷ್ಣತೆ' ಎಂಬ ಶಬ್ದಗಳನ್ನು ಮಾತಿನಲ್ಲಿ ಒಂದೇ ಅರ್ಥದಲ್ಲಿ ಬಳಸುತ್ತೇವಾದರೂ ಶಾಸ್ತ್ರದಲ್ಲಿ ಅವನ್ನು ಬೇರೆಬೇರೆಯಾಗಿಟ್ಟುಕೊಳ್ಳಲೇಬೇಕು. ಉಷ್ಣತೆಯು ವಸ್ತುವಿನ ಒಂದು ಸ್ಥಿತಿ; ಶಾಖವು ಒಂದು ವಸ್ತುವಿನಿಂದ ಮತ್ತೊಂದಕ್ಕೆ ಹರಿದುಹೋಗುವ ಶಕ್ತಿ.

ಹರಿಯುತ್ತಿರುವ ಅನಿಲದ ಶಕ್ತಿಯನ್ನು ಅಳೆಯಲು ಎಂಥಾಲ್ಪಿ ಎಂಬ ಪರಿಮಾಣವನ್ನು ಬಳಸುತ್ತಾರೆ. ಅನಿಲದ ಒಳಶಕ್ತಿಗೆ, ಅದರ ಒತ್ತಡ ಗಾತ್ರಗಳ ಗುಣಲಬ್ಧವನ್ನು ಕೂಡಿಸಿದರೆ ಬರುವುದೇ ಎಂಥಾಲ್ಪಿ. ಶಾಖವು ಗೋಡೆಯ ಮೂಲಕ ಸೋರದಿದ್ದರೆ, ಸಂಪೀಡಕಕ್ಕೆ ಕೊಟ್ಟ ಕಾರ್ಯವು ಎಂಥಾಲ್ಪಿಯ ಏರಿಕೆಗೆ ಸಮ. ಇದು ಉಷ್ಣಗತಿಶಾಸ್ತ್ರದ ಮೊದಲನೆಯ ನಿಯಮದ ಫಲ.

ಆದರೆ ಕೊಟ್ಟ ಕಾರ್ಯವೆಲ್ಲ ಒತ್ತಡವನ್ನೇರಿಸಲು ಸಲ್ಲುವುದಿಲ್ಲ. ಘರ್ಷಣೆ, ಸುಳಿ, ಸಂದುಗಳಲ್ಲಿ ಹಿಂದಿರುಗುವ ಹರಿವು, ಇವುಗಳಲ್ಲಿ ಒಂದು ಭಾಗ ಕೇವಲ ಬಿಸಿಯಾಗಿ ಕಳೆದುಹೋಗುತ್ತದೆ. ಈ ನಷ್ಟದ ಗುರುತೇ ಎಂಟ್ರೋಪಿ. ೧೮೬೫ರಲ್ಲಿ ಜರ್ಮನಿಯ ವಿಜ್ಞಾನಿ ಕ್ಲಾಸಿಯಸನು ಗ್ರೀಕ್ ಭಾಷೆಯ 'ತಿರುವು, ಮಾರ್ಪಾಟು' ಎಂಬರ್ಥದ ಶಬ್ದದಿಂದ ಈ ಹೆಸರನ್ನು ನಿರ್ಮಿಸಿದನು. ಶಾಖ ಹೊರಹೋಗದ ಸಂಪೀಡನದಲ್ಲಿ ಎಂಟ್ರೋಪಿ ಏರಬಹುದು, ಅಥವಾ ಆದರ್ಶಸ್ಥಿತಿಯಲ್ಲಿ ಇದ್ದಷ್ಟೇ ಇರಬಹುದು. ಇಳಿಯುವುದು ಮಾತ್ರ ಸಾಧ್ಯವಿಲ್ಲ. ಇದು ಎರಡನೆಯ ನಿಯಮ. ಸಂಪೀಡಕದ ದಕ್ಷತೆಯ ಪ್ರಶ್ನೆಯೆಲ್ಲ ಈ ಎರಡು ನಿಯಮಗಳ ನಡುವೆ ನಿಂತಿದೆ.

೪. ಮೂರು ಆದರ್ಶಗಳು

ದಕ್ಷತೆ ಎಂದರೆ ಆದರ್ಶ ಯಂತ್ರಕ್ಕೆ ಬೇಕಾಗುವ ಕಾರ್ಯವನ್ನು ನಮ್ಮ ಯಂತ್ರವು ವಸ್ತುತಃ ತೆಗೆದುಕೊಂಡ ಕಾರ್ಯದಿಂದ ಭಾಗಿಸಿದರೆ ಬರುವ ಸಂಖ್ಯೆ. ಹಾಗಾದರೆ ಆದರ್ಶ ಯಾವುದು? ಇಲ್ಲಿಯೇ ಮೂರು ಉತ್ತರಗಳು ಬರುತ್ತವೆ.

ಉದಾಹರಣೆಗೆ, ಬೀದರದ ಬೇಸಗೆಯ ಗಾಳಿಯನ್ನು ತೆಗೆದುಕೊಳ್ಳೋಣ. ಅಲ್ಲಿಯ ವಾಯುಭಾರ ಸುಮಾರು ೯೪ ಕಿಲೋಪಾಸ್ಕಲ್ ಎಂದೂ, ಉಷ್ಣತೆ ೪೦ ಡಿಗ್ರಿ, ಅರ್ಥಾತ್ ನಿರಪೇಕ್ಷಮಾನದಲ್ಲಿ ೩೧೩ ಕೆಲ್ವಿನ್ ಎಂದೂ ಇಟ್ಟುಕೊಳ್ಳೋಣ. ಒಂದು ಸಂಪೀಡಕವು ಈ ಗಾಳಿಯ ಒತ್ತಡವನ್ನು ಮೂರು ಪಟ್ಟು ಮಾಡಿ, ಸುಮಾರು ೪೬೩ ಕೆಲ್ವಿನ್ ಉಷ್ಣತೆಯಲ್ಲಿ ಹೊರಕ್ಕೆ ಕಳುಹಿಸುತ್ತದೆ ಎನ್ನೋಣ. ಉಷ್ಣತೆಯ ಏರಿಕೆ ೧೫೦ ಡಿಗ್ರಿಗೆ ತುಸು ಹೆಚ್ಚು. ಗಾಳಿಯ ಶಾಖಧಾರಣೆ ಕಿಲೋಗ್ರಾಮಿಗೆ ೧.೦೦೫ ಕಿಲೋಜೂಲ್ ಆದುದರಿಂದ, ಯಂತ್ರವು ವಸ್ತುತಃ ತೆಗೆದುಕೊಂಡ ಕಾರ್ಯ ಕಿಲೋಗ್ರಾಮಿಗೆ ಸುಮಾರು ೧೫೧ ಕಿಲೋಜೂಲ್.

ಮೊದಲನೆಯ ಆದರ್ಶ ಸಮೋಷ್ಣ ಸಂಪೀಡನ. ಒತ್ತುತ್ತಿರುವಾಗಲೇ ಅನಿಲವನ್ನು ತಣಿಸುತ್ತ, ಅದರ ಉಷ್ಣತೆ ಏರದಂತೆ ನೋಡಿಕೊಂಡರೆ ಕಾರ್ಯ ಅತ್ಯಲ್ಪವಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ೯೮.೭ ಕಿಲೋಜೂಲ್. ಇದನ್ನು ೧೫೧ರಿಂದ ಭಾಗಿಸಿದರೆ ಸಮೋಷ್ಣ ದಕ್ಷತೆ ನೂರಕ್ಕೆ ೬೫.

ಎರಡನೆಯದು ಸಮಎಂಟ್ರೋಪಿ ಸಂಪೀಡನ. ಇಲ್ಲಿ ತಣಿಸುವ ಏರ್ಪಾಡಿಲ್ಲ. ಆದರೆ ಘರ್ಷಣೆಯಾಗಲಿ ಸುಳಿಯಾಗಲಿ ಇಲ್ಲ, ಎಂಟ್ರೋಪಿ ಇದ್ದಷ್ಟೇ ಇರುತ್ತದೆ. ಇಂಥ ಯಂತ್ರದಿಂದ ಗಾಳಿ ೪೨೮ ಕೆಲ್ವಿನ್ನಿನಲ್ಲಿ ಹೊರಬರುತ್ತಿತ್ತು. ಅದಕ್ಕೆ ಬೇಕಾದ ಕಾರ್ಯ ೧೧೬ ಕಿಲೋಜೂಲ್. ಆದುದರಿಂದ ಸಮಎಂಟ್ರೋಪಿ ದಕ್ಷತೆ ನೂರಕ್ಕೆ ೭೬.೭.

ಮೂರನೆಯದಕ್ಕೆ ಪಾಲಿಟ್ರೋಪಿಕ್ ಎಂದು ಹೆಸರು. ಗ್ರೀಕಿನಲ್ಲಿ ಇದಕ್ಕೆ 'ಬಹು ತಿರುವುಗಳುಳ್ಳದ್ದು' ಎಂದರ್ಥ. ಹೋಮರನ ಒಡಿಸ್ಸಿಯ ಮೊದಲ ಪಂಕ್ತಿಯಲ್ಲಿ ನಾಯಕನಿಗೆ ಸಲ್ಲುವ ವಿಶೇಷಣವೂ ಇದೇ ಶಬ್ದವೆಂಬುದನ್ನು ಸಾಹಿತ್ಯದ ಅಧ್ಯಾಪಕರು ನೆನೆಯಬಹುದು. ಎಂಟ್ರೋಪಿಯೂ ಇದೇ ಧಾತುವಿಗೆ ಸೇರಿದ್ದು. ಈ ಲೇಖನದ ಮಟ್ಟಿಗೆ ಇದನ್ನು 'ಬಹುವರ್ತನ' ಎಂದು ಕರೆಯುವೆವು. ಒತ್ತಡವನ್ನು ಗಾತ್ರದ ಒಂದು ನಿಯತವಾದ ಘಾತದಿಂದ ಗುಣಿಸಿದ ಲಬ್ಧವು ದಾರಿಯುದ್ದಕ್ಕೂ ಬದಲಾಗದಿದ್ದರೆ ಅದು ಬಹುವರ್ತನ ಮಾರ್ಗ. ಘಾತಸೂಚಕ ೧ ಆದರೆ ಸಮೋಷ್ಣ, ಗಾಳಿಗೆ ೧.೪ ಆದರೆ ಸಮಎಂಟ್ರೋಪಿ. ನಮ್ಮ ಯಂತ್ರದ ಮೊದಲ ಸ್ಥಿತಿಯನ್ನೂ ಕಡೆಯ ಸ್ಥಿತಿಯನ್ನೂ ಕೂಡಿಸುವ ಮಾರ್ಗಕ್ಕೆ ಘಾತಸೂಚಕ ೧.೫೬ ಬರುತ್ತದೆ. ಈ ಮಾರ್ಗದಲ್ಲಿ ಒತ್ತಡವನ್ನೇರಿಸಲು ನಿಜವಾಗಿ ಸಂದ ಕಾರ್ಯ ೧೨೦.೯ ಕಿಲೋಜೂಲ್, ಬಹುವರ್ತನ ದಕ್ಷತೆ ನೂರಕ್ಕೆ ೮೦. ಯಂತ್ರಶಿಲ್ಪಿಗಳು ಈ ಕಾರ್ಯವನ್ನು, ನೀರೆತ್ತುವ ಯಂತ್ರಗಳ ಪರಿಭಾಷೆಯನ್ನು ಅನುಸರಿಸಿ 'ಹೆಡ್' ಎಂದು ಕರೆಯುವುದುಂಟು.

ಹೀಗೆ ಒಂದೇ ಯಂತ್ರಕ್ಕೆ ೬೫, ೭೬.೭, ೮೦ ಎಂಬ ಮೂರು ದಕ್ಷತೆಗಳು ಬಂದುವು. ವಿಶೇಷಣವಿಲ್ಲದೆ 'ದಕ್ಷತೆ ೮೦' ಎಂದು ಬರೆದುಕೊಟ್ಟ ಕರಾರುಪತ್ರವು ವಿವಾದಕ್ಕೆ ಬೀಜವಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

೫. ಬಹುವರ್ತನಕ್ಕೆ ಪ್ರಾಶಸ್ತ್ಯವೇಕೆ?

ಸಮಎಂಟ್ರೋಪಿ ದಕ್ಷತೆಯೇ ಸಹಜವಾಗಿ ತೋರುತ್ತಿರುವಾಗ ಮೂರನೆಯದರ ಅವಶ್ಯಕತೆಯೇನು ಎಂದು ವಾಚಕರು ಕೇಳಬಹುದು. ಉತ್ತರವು ಒಂದು ಸಣ್ಣ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಮೂರು ಪಟ್ಟು ಒತ್ತಡವನ್ನು ಒಂದೇ ಚಕ್ರದಿಂದ ಪಡೆಯುವ ಬದಲು, ಒಂದರ ಮುಂದೊಂದಿರುವ ಎರಡು ಚಕ್ರಗಳಿಂದ ಪಡೆಯೋಣ. ಪ್ರತಿಯೊಂದೂ ಒತ್ತಡವನ್ನು ಸುಮಾರು ೧.೭೩ ಪಟ್ಟು ಏರಿಸುತ್ತದೆ. ಪ್ರತಿಯೊಂದರ ಸಮಎಂಟ್ರೋಪಿ ದಕ್ಷತೆಯೂ ನೂರಕ್ಕೆ ೮೦. ಎರಡೂ ಸೇರಿದ ಯಂತ್ರದ ದಕ್ಷತೆ ೮೦ ಇರಬೇಕೆಂದು ಯಾರಾದರೂ ಎಣಿಸುವರು. ಆದರೆ ಲೆಕ್ಕ ಹಾಕಿದರೆ ಅದು ೭೮.೫ ಮಾತ್ರ! ತಲಾ ಎಂಬತ್ತು ಅಂಕ ಪಡೆದ ಇಬ್ಬರ ಸರಾಸರಿ ಎಂಬತ್ತಕ್ಕೆ ಕಡಿಮೆಯಾದಂತೆ ಇದು ತೋರುತ್ತದೆ. ಕಾರಣವಿಷ್ಟೆ: ಮೊದಲ ಚಕ್ರದ ನಷ್ಟವು ಅನಿಲವನ್ನು ಆದರ್ಶಕ್ಕಿಂತ ಹೆಚ್ಚು ಬಿಸಿಮಾಡಿ ಎರಡನೆಯದಕ್ಕೆ ಒಪ್ಪಿಸುತ್ತದೆ; ಬಿಸಿಯಾದ ಅನಿಲವನ್ನು ಒತ್ತಲು ಹೆಚ್ಚು ಕಾರ್ಯ ಬೇಕು. ಹಿರಿಯನ ಸಾಲ ಕಿರಿಯನ ಹೆಗಲಿಗೇರಿದಂತೆ, ಮೊದಲ ಚಕ್ರದ ದೋಷದ ಹೊರೆ ಎರಡನೆಯದರ ಮೇಲೆ ಬೀಳುತ್ತದೆ. ಚಕ್ರಗಳು ಹೆಚ್ಚಿದಷ್ಟೂ, ಒತ್ತಡದ ನಿಷ್ಪತ್ತಿ ಏರಿದಷ್ಟೂ ಈ ಅಂತರವೂ ಹೆಚ್ಚುತ್ತದೆ.

ಬಹುವರ್ತನ ದಕ್ಷತೆಯಲ್ಲಿ ಈ ದೋಷವಿಲ್ಲ. ಸಂಪೀಡನದ ಮಾರ್ಗವನ್ನು ಅತ್ಯಂತ ಸಣ್ಣಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದು ತುಂಡಿಗೂ ಇರುವ ದಕ್ಷತೆಯನ್ನೇ ಅದು ಹೇಳುತ್ತದೆ. ಆದುದರಿಂದ ಎರಡು ಪಟ್ಟು ಒತ್ತುವ ಯಂತ್ರವನ್ನೂ ಹತ್ತು ಪಟ್ಟು ಒತ್ತುವ ಯಂತ್ರವನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವುದರ ರೆಕ್ಕೆಗಳ ರಚನೆ ಮೇಲಾದುದೆಂದು ನ್ಯಾಯವಾಗಿ ತೂಗಿ ಹೇಳಲು ಇದೇ ತಕ್ಕ ಅಳತೆ. ಮಧ್ಯೆ ಮಧ್ಯೆ ಅನಿಲವನ್ನು ತಣಿಸುವ ದೊಡ್ಡ ಸ್ಥಾವರಗಳನ್ನು ಒಟ್ಟಾಗಿ ತೂಗಬೇಕಾದಾಗ ಸಮೋಷ್ಣ ದಕ್ಷತೆಯೂ, ಒಂದೇ ಹಂತದ ಯಂತ್ರವನ್ನು ಎಂಜಿನಿನ ಒಟ್ಟು ಚಕ್ರದಲ್ಲಿ ಸೇರಿಸಿ ನೋಡುವಾಗ ಸಮಎಂಟ್ರೋಪಿ ದಕ್ಷತೆಯೂ ಉಪಯುಕ್ತವಾಗಿವೆ. ಒಂದೊಂದಕ್ಕೂ ಅದರದರ ಸ್ಥಾನವಿದೆ. ಸ್ಥಾನಪಲ್ಲಟವೇ ಅನರ್ಥಕ್ಕೆ ಮೂಲ.

೬. ನೈಜ ಅನಿಲಗಳು

ಇದುವರೆಗೆ ಗಾಳಿಯನ್ನು ಆದರ್ಶ ಅನಿಲವೆಂದು ಭಾವಿಸಿದೆವು. ಸಾಧಾರಣ ಒತ್ತಡಗಳಲ್ಲಿ ಇದರಿಂದ ಬಾಧಕವಿಲ್ಲ. ಆದರೆ ಕಾರ್ಖಾನೆಗಳಲ್ಲಿ ಒತ್ತಬೇಕಾದ ಅನಿಲಗಳೆಲ್ಲ ಇಷ್ಟು ವಿಧೇಯವಾಗಿಲ್ಲ. ಮಂಗಳೂರಿನ ರಾಸಾಯನಿಕ ಗೊಬ್ಬರದ ಕಾರ್ಖಾನೆಯಲ್ಲಿ ತಯಾರಾಗುವ ಯೂರಿಯಾವನ್ನೇ ನೋಡಬಹುದು. ಅಮೋನಿಯವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಅತ್ಯಧಿಕವಾದ ಒತ್ತಡದಲ್ಲಿ ಕೂಡಿಸಿದರೆ ಯೂರಿಯಾ ದೊರೆಯುತ್ತದೆ. ಇಂಗಾಲದ ಡೈ ಆಕ್ಸೈಡಿಗೆ ಸುಮಾರು ೩೧ ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ೭೪ ಬಾರ್ ಒತ್ತಡದಲ್ಲಿ ಒಂದು ಸಂಧಿಬಿಂದುವಿದೆ. ಅಲ್ಲಿ ದ್ರವಕ್ಕೂ ಅನಿಲಕ್ಕೂ ಭೇದ ಅಳಿಸಿಹೋಗುತ್ತದೆ. ಅದರ ಆಸುಪಾಸಿನಲ್ಲಿ ಒತ್ತಡವನ್ನು ತುಸು ಏರಿಸಿದರೆ ಗಾತ್ರವು ಆದರ್ಶ ಅನಿಲದ ನಿಯಮವನ್ನು ಲಕ್ಷಿಸದೆ ಕುಸಿಯುತ್ತದೆ. ೨೦೨೧ರ ಜನವರಿ ೫ರಂದು ಉದ್ಘಾಟಿತವಾದ, ಸುಮಾರು ೪೫೦ ಕಿಲೋಮೀಟರ್ ಉದ್ದದ ಕೊಚ್ಚಿ–ಮಂಗಳೂರು ಕೊಳವೆಮಾರ್ಗದಲ್ಲಿ ಹರಿಯುವಂಥ ನಿಸರ್ಗಾನಿಲವೂ ಅಧಿಕ ಒತ್ತಡದಲ್ಲಿ ಆದರ್ಶದಿಂದ ಕದಲುತ್ತದೆ. ಇಂಥ ಅನಿಲಗಳ ಗುಣಗಳನ್ನು ತಿಳಿಯಲು ಸ್ಥಿತಿಸಮೀಕರಣಗಳನ್ನು ಬಳಸುತ್ತಾರೆ. ೧೮೭೩ರಲ್ಲಿ ವಾನ್ ಡರ್ ವಾಲ್ಸನು ಹಾಕಿದ ದಾರಿಯಲ್ಲಿ ೧೯೪೯ರಲ್ಲಿ ರೆಡ್ಲಿಕ್ ಮತ್ತು ಕ್ವಾಂಗ್, ೧೯೭೨ರಲ್ಲಿ ಸೋವೆ, ೧೯೭೬ರಲ್ಲಿ ಪೆಂಗ್ ಮತ್ತು ರಾಬಿನ್ಸನ್ ಎಂಬವರು ಮುಂದುವರಿದರು.

ಗುಣಗಳು ತಿಳಿದ ಮೇಲೂ ಒಂದು ಕಷ್ಟ ಉಳಿಯುತ್ತದೆ. ನೈಜ ಅನಿಲದಲ್ಲಿ ಬಹುವರ್ತನದ ಘಾತಸೂಚಕವು ದಾರಿಯುದ್ದಕ್ಕೂ ಒಂದೇ ಸಮನಾಗಿರುವುದಿಲ್ಲ. ಆದಿಯಲ್ಲಿ ಒಂದು, ಅಂತ್ಯದಲ್ಲಿ ಇನ್ನೊಂದು. ಹಾಗಿರುವಾಗ 'ನಿಯತವಾದ ಘಾತ' ಎಂಬ ಲಕ್ಷಣವೇ ಸಡಿಲವಾಯಿತು. ಇದನ್ನು ಪರಿಹರಿಸಲು ಮೂರು ಮಾರ್ಗಗಳು ಪ್ರಸಿದ್ಧವಾಗಿವೆ.

ಮೊದಲನೆಯದನ್ನು ೧೯೬೨ರಲ್ಲಿ ಷುಲ್ಟ್ಸ್ ಎಂಬವರು ಪ್ರಕಟಿಸಿದರು. ಆದಿ ಅಂತ್ಯಗಳಿಂದ ಒಂದು ಸರಾಸರಿ ಘಾತಸೂಚಕವನ್ನು ತೆಗೆದು ಲೆಕ್ಕ ಹಾಕಿ, ಬಂದ ಫಲವನ್ನು ಒಂದು ತಿದ್ದುಪಡಿಯ ಗುಣಕದಿಂದ ಗುಣಿಸುವುದೇ ಈ ಕ್ರಮ. ಗುಣಕವನ್ನು ಪಡೆಯುವ ರೀತಿ ಚಮತ್ಕಾರವಾಗಿದೆ. ಸಮಎಂಟ್ರೋಪಿ ಮಾರ್ಗದ ಕಾರ್ಯವನ್ನು ಅನಿಲದ ಕೋಷ್ಟಕಗಳಿಂದ ನಿಖರವಾಗಿ ತಿಳಿಯಬಹುದು. ಅದನ್ನೇ ಸರಾಸರಿ ಘಾತದ ಸೂತ್ರದಿಂದಲೂ ಲೆಕ್ಕ ಹಾಕಬಹುದು. ಎರಡಕ್ಕೂ ಇರುವ ನಿಷ್ಪತ್ತಿ ಸೂತ್ರದ ತಪ್ಪನ್ನು ತೋರಿಸುತ್ತದೆ. ಬಹುವರ್ತನ ಮಾರ್ಗದಲ್ಲಿಯೂ ತಪ್ಪು ಅಷ್ಟೇ ಇರುವುದೆಂದು ಭಾವಿಸಿ ಅದೇ ಗುಣಕವನ್ನು ಅಲ್ಲಿಗೂ ಅನ್ವಯಿಸುತ್ತಾರೆ. ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಪರೀಕ್ಷಾನಿಯಮಾವಳಿಯು ೧೯೬೫ರ ಆವೃತ್ತಿಯಲ್ಲಿಯೂ ೧೯೯೭ರ ಆವೃತ್ತಿಯಲ್ಲಿಯೂ ಈ ಕ್ರಮವನ್ನು ಅಂಗೀಕರಿಸಿದುದರಿಂದ ಇದಕ್ಕೆ ಲೋಕವ್ಯಾಪಿಯಾದ ಮನ್ನಣೆ ಬಂತು.

ಎರಡನೆಯದು ೧೯೭೭ರಲ್ಲಿ ಮ್ಯಾಲೆನ್ ಮತ್ತು ಸ್ಯಾವಿಲ್ ಎಂಬವರು ಸೂಚಿಸಿದ್ದು. ಇವರು ಘಾತಸೂಚಕವನ್ನೇ ಕೈಬಿಟ್ಟು, ಉಷ್ಣತೆ ಒಂದೊಂದು ಡಿಗ್ರಿ ಏರುವಾಗಲೂ ಘರ್ಷಣೆಯಿಂದಾಗುವ ನಷ್ಟ ಒಂದೇ ಸಮನಾಗಿರುತ್ತದೆ ಎಂದು ಭಾವಿಸಿದರು. ಆಗ ಕಾರ್ಯದ ಸೂತ್ರವು ಹೀಗೆ ಸರಳವಾಗುತ್ತದೆ:

ಬಹುವರ್ತನ ಕಾರ್ಯ = ಎಂಥಾಲ್ಪಿಯ ಏರಿಕೆ − [ಎಂಟ್ರೋಪಿಯ ಏರಿಕೆ × ಉಷ್ಣತೆಯ ಏರಿಕೆ ÷ ಉಷ್ಣತೆಗಳ ನಿಷ್ಪತ್ತಿಯ ಸ್ವಾಭಾವಿಕ ಲಾಗರಿದಮ್]

ನಮ್ಮ ಉದಾಹರಣೆಗೆ ಇದನ್ನು ಅನ್ವಯಿಸಿ ನೋಡೋಣ. ಎಂಥಾಲ್ಪಿಯ ಏರಿಕೆ ೧೫೧.೧, ಎಂಟ್ರೋಪಿಯ ಏರಿಕೆ ೦.೦೭೯, ಉಷ್ಣತೆಯ ಏರಿಕೆ ೧೫೦.೪, ಲಾಗರಿದಮ್ ೦.೩೯೨೪. ಕಳೆಯಬೇಕಾದ ನಷ್ಟವು ೩೦.೩, ಉಳಿಯುವುದು ೧೨೦.೮. ಕಡೆಯ ಅಂಕಿಯಲ್ಲಿ ಕಾಣುವ ಒಂದರ ಭೇದ, ದಶಾಂಶಗಳನ್ನು ಮೊಟಕುಮಾಡಿದುದರ ಫಲ. ಆದರ್ಶ ಅನಿಲಕ್ಕೆ ಎರಡು ಮಾರ್ಗಗಳೂ ಒಂದೇ ಊರಿಗೆ ಸೇರಿಸುತ್ತವೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ. ನೈಜ ಅನಿಲಗಳಲ್ಲಿ, ವಿಶೇಷವಾಗಿ ಸಂಧಿಬಿಂದುವಿನ ಸಮೀಪದಲ್ಲಿ, ಇವೆರಡೂ ಕವಲೊಡೆಯುತ್ತವೆ.

ಮೂರನೆಯದು ೧೯೮೫ರಲ್ಲಿ ಹಂಟಿಂಗ್‌ಟನ್ ಎಂಬವರು ಹಿಂದಿನ ಕ್ರಮಗಳನ್ನು ಪರಿಶೀಲಿಸಿ, ತಾಳೆನೋಡಲು ಒರೆಗಲ್ಲಾಗಿ ಮುಂದಿಟ್ಟದ್ದು. ದಾರಿಯನ್ನು ಅನೇಕ ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದರಲ್ಲಿಯೂ ಒಂದೇ ದಕ್ಷತೆಯನ್ನಿಟ್ಟು, ಸ್ಥಿತಿಸಮೀಕರಣದ ಸಹಾಯದಿಂದ ತುಂಡು ತುಂಡಾಗಿ ಮುಂದೆ ಸಾಗಬೇಕು. ಅಳತೆಮಾಡಿದ ಹೊರಗಿನ ಉಷ್ಣತೆಗೆ ಲೆಕ್ಕದ ಉಷ್ಣತೆ ಕೂಡಿಬರುವವರೆಗೆ ದಕ್ಷತೆಯನ್ನು ತಿದ್ದುತ್ತ ಹೋಗಬೇಕು. ಬಹುವರ್ತನ ದಕ್ಷತೆಯ ಮೂಲಲಕ್ಷಣಕ್ಕೆ ಅತ್ಯಂತ ನಿಷ್ಠವಾದುದು ಇದೇ. ಕೈಯಿಂದ ಲೆಕ್ಕ ಹಾಕುವ ಕಾಲದಲ್ಲಿ ಇಂಥ ಕ್ರಮ ದುಸ್ಸಾಧ್ಯವಾಗಿತ್ತು. ಇಂದು ಗಣಕಯಂತ್ರವು ಅದನ್ನು ಕ್ಷಣಮಾತ್ರದಲ್ಲಿ ಮುಗಿಸುತ್ತದೆ. ಆದುದರಿಂದ ಷುಲ್ಟ್ಸ್ ಕ್ರಮವು ಸುಲಭವಾದುದೆಂಬ ಕಾರಣಕ್ಕಾಗಿಯೇ ಅದನ್ನು ಎಲ್ಲೆಡೆಯೂ ಅವಲಂಬಿಸಬೇಕಾದ ನಿರ್ಬಂಧವು ಈಗ ಉಳಿದಿಲ್ಲ.

೭. ಬೀದರದ ಗಾಳಿ

ಇನ್ನು ಬೀದರದ ಎತ್ತರ ಉಷ್ಣತೆಗಳ ಪರಿಣಾಮವನ್ನು ನೋಡೋಣ. ಸಮುದ್ರತೀರದಲ್ಲಿ ೧೫ ಡಿಗ್ರಿ ಉಷ್ಣತೆಯ ಒಂದು ಘನಮೀಟರ್ ಗಾಳಿ ೧.೨೩ ಕಿಲೋಗ್ರಾಂ ತೂಗಿದರೆ, ಬೀದರದ ೪೦ ಡಿಗ್ರಿ ಬೇಸಗೆಯಲ್ಲಿ ಅದೇ ಘನಮೀಟರ್ ಗಾಳಿ ೧.೦೫ ಕಿಲೋಗ್ರಾಂ ಮಾತ್ರ ತೂಗುತ್ತದೆ. ಸಂಪೀಡಕವು ಸೇದುವುದು ಗಾತ್ರವನ್ನು. ಕಾರ್ಖಾನೆಗೆ ಬೇಕಾಗಿರುವುದು ತೂಕ. ಆದುದರಿಂದ ಮೊದಲ ಹೆಜ್ಜೆಯಲ್ಲಿಯೇ ನೂರಕ್ಕೆ ೧೫ರಷ್ಟು ಗಾಳಿ ಖೋತಾ ಆಯಿತು.

ಎರಡನೆಯ ನಷ್ಟ ಇನ್ನೂ ಸೂಕ್ಷ್ಮವಾದುದು. ಚಕ್ರವು ಕೊಡುವ ಕಾರ್ಯವು ಅದರ ವೇಗದಿಂದ ನಿಶ್ಚಿತವೆಂದು ಮೇಲೆ ಹೇಳಿದೆವಷ್ಟೆ. ೧೫ ಡಿಗ್ರಿಯಲ್ಲಿ ಮೂರು ಪಟ್ಟು ಒತ್ತಲು ಕಿಲೋಗ್ರಾಮಿಗೆ ೧೩೯ ಕಿಲೋಜೂಲ್ ಸಾಕು. ೪೦ ಡಿಗ್ರಿಯಲ್ಲಿ ೧೫೧ ಬೇಕು. ಚಕ್ರದ ವೇಗವನ್ನು ಬದಲಿಸದಿದ್ದರೆ ಸಿಕ್ಕುವುದು ೧೩೯ ಮಾತ್ರ. ಆದುದರಿಂದ ಒತ್ತಡದ ನಿಷ್ಪತ್ತಿ ೩ರಿಂದ ಸುಮಾರು ೨.೭೯ಕ್ಕೆ ಇಳಿಯುತ್ತದೆ. ತೀರದಲ್ಲಿ ೩೦೪ ಕಿಲೋಪಾಸ್ಕಲ್ ಒತ್ತಡವನ್ನು ಕೊಡುವ ಯಂತ್ರವು ಬೀದರದಲ್ಲಿ ೨೬೨ನ್ನು ಮಾತ್ರ ಕೊಡುತ್ತದೆ. ಯಂತ್ರವು ಕೆಟ್ಟಿಲ್ಲ, ದಕ್ಷತೆಯೂ ಕುಗ್ಗಿಲ್ಲ. ಗಾಳಿ ಬೇರೆಯಾಯಿತು ಅಷ್ಟೆ. ಹಳೆಯ ನಿಷ್ಪತ್ತಿಯನ್ನು ಮರಳಿ ಪಡೆಯಬೇಕಾದರೆ ಚಕ್ರವನ್ನು ನೂರಕ್ಕೆ ೪ಕ್ಕಿಂತ ತುಸು ಹೆಚ್ಚು ವೇಗವಾಗಿ ತಿರುಗಿಸಬೇಕು. ನಿರಪೇಕ್ಷ ಉಷ್ಣತೆಗಳ ನಿಷ್ಪತ್ತಿಯ ವರ್ಗಮೂಲವೇ ಇದಕ್ಕೆ ಪ್ರಮಾಣ. ಆದುದರಿಂದ ಯಂತ್ರವನ್ನು ಕೊಳ್ಳುವಾಗ ಅದನ್ನು ಯಾವ ಎತ್ತರದಲ್ಲಿ, ಯಾವ ಉಷ್ಣತೆಯಲ್ಲಿ ಪರೀಕ್ಷಿಸಿದರು ಎಂದು ಕೇಳದೆ ಇರುವುದು, ಬೇರೆ ಊರಿನ ಬಳ್ಳದಿಂದ ಅಳೆದ ಜೋಳವನ್ನು ನಮ್ಮೂರಿನ ಬಳ್ಳದ ಲೆಕ್ಕದಲ್ಲಿ ಕೊಂಡಂತೆ.

ಈ ನಿಯಮವು ಕೇಂದ್ರಾಪಗಾಮಿ ಯಂತ್ರಕ್ಕೆ ಮಾತ್ರ ಸಲ್ಲುವುದಲ್ಲ. ೧೯೪೧ರ ಮೇ ೧೫ರಂದು ಇಂಗ್ಲೆಂಡಿನಲ್ಲಿ ಹಾರಿದ ವಿಟ್ಲ್‌ನ ಜೆಟ್ ಎಂಜಿನಿನಲ್ಲಿ ಕೇಂದ್ರಾಪಗಾಮಿ ಸಂಪೀಡಕವಿತ್ತು. ಬೀದರದ ವಾಯುಸೇನಾ ನೆಲೆಯಲ್ಲಿ ಶಿಕ್ಷಣಕ್ಕಾಗಿ ಬಳಸುವ ಹಾಕ್ ವಿಮಾನಗಳ ಎಂಜಿನಿನಲ್ಲಿ ಅನಿಲವು ಅಚ್ಚಿನ ಗುಂಟ ಹರಿಯುವ ಬೇರೊಂದು ಜಾತಿಯ ಸಂಪೀಡಕವಿದೆ. ರಚನೆ ಬೇರೆಯಾದರೂ ವಿರಳವಾದ ಬಿಸಿಗಾಳಿ ಎರಡನ್ನೂ ಒಂದೇ ರೀತಿಯಲ್ಲಿ ಬಾಧಿಸುತ್ತದೆ.

೮. ಅಳತೆಯ ಎಚ್ಚರ

ಗಣನಾಕ್ರಮವು ಎಷ್ಟೇ ಶುದ್ಧವಾಗಿದ್ದರೂ ಅಳತೆಯು ಅಶುದ್ಧವಾದರೆ ಫಲ ಅಶುದ್ಧವೇ. ಮೇಲಿನ ಉದಾಹರಣೆಯಲ್ಲಿ ಹೊರಬರುವ ಗಾಳಿಯ ಉಷ್ಣತೆಯನ್ನು ಒಂದು ಡಿಗ್ರಿ ಹೆಚ್ಚಾಗಿ ಓದಿದರೆ ದಕ್ಷತೆ ೮೦ರ ಬದಲು ೭೯.೬ ಎಂದು ಬರುತ್ತದೆ, ಇದು ಸಹ್ಯ. ಆದರೆ ಒತ್ತಡವನ್ನು ೧.೨ ಪಟ್ಟು ಮಾತ್ರ ಏರಿಸುವ ಸಣ್ಣ ಯಂತ್ರವೊಂದರಲ್ಲಿ ಉಷ್ಣತೆಯ ಏರಿಕೆಯೇ ಸುಮಾರು ೨೧ ಡಿಗ್ರಿ. ಅಲ್ಲಿ ಅದೇ ಒಂದು ಡಿಗ್ರಿಯ ತಪ್ಪು ದಕ್ಷತೆಯನ್ನು ೮೦ರಿಂದ ೭೬.೫ಕ್ಕೆ ಇಳಿಸಿಬಿಡುತ್ತದೆ. ಒಳ್ಳೆಯ ಯಂತ್ರವನ್ನು ತಿರಸ್ಕರಿಸಲೂ, ಕಳಪೆ ಯಂತ್ರವನ್ನು ಅಂಗೀಕರಿಸಲೂ ಇಷ್ಟು ತಪ್ಪು ಸಾಕು.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಸೆಕೆಂಡಿಗೆ ಹತ್ತು ಕಿಲೋಗ್ರಾಂ ಗಾಳಿಯನ್ನು ಮೂರು ಪಟ್ಟು ಒತ್ತುವ ಯಂತ್ರವು ವರ್ಷಕ್ಕೆ ಎಂಟು ಸಾವಿರ ಗಂಟೆ ನಡೆಯುವುದೆನ್ನೋಣ. ಅದರ ಬಹುವರ್ತನ ದಕ್ಷತೆ ೮೦ರ ಬದಲು ೭೯ ಆದರೆ, ಆ ಒಂದು ಅಂಶಕ್ಕಾಗಿ ವರ್ಷಕ್ಕೆ ಸುಮಾರು ೧,೮೫,೦೦೦ ಯೂನಿಟ್ ವಿದ್ಯುತ್ತನ್ನು ಹೆಚ್ಚಾಗಿ ತೆರಬೇಕಾಗುತ್ತದೆ. ದಕ್ಷತೆಯ ಒಂದಂಶವನ್ನು ಅಲಕ್ಷ್ಯ ಮಾಡುವವರು ಈ ಮೊತ್ತವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

೯. ಭಾಷೆಯ ಪ್ರಶ್ನೆ

ಲೇಖನದ ಆದಿಯಲ್ಲಿ ಸೂಚಿಸಿದ ಎರಡನೆಯ ಕಾರಣಕ್ಕೆ ಈಗ ಬರಬಹುದು. ೧೯೧೮ನೆಯ ವರ್ಷವು ಈ ದೃಷ್ಟಿಯಿಂದ ಸ್ಮರಣೀಯವಾದುದು. ಆ ವರ್ಷ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಿದರು. ಅದು ಎರಡು ವರ್ಷ ಮಾತ್ರ ನಡೆಯಿತು. ಅದೇ ವರ್ಷ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಉರ್ದುವನ್ನು ಉಚ್ಚಶಿಕ್ಷಣದ ಮಾಧ್ಯಮವಾಗಿ ಸ್ವೀಕರಿಸಿತು. ಅದಕ್ಕಾಗಿ ೧೯೧೭ರಲ್ಲಿಯೇ ಏರ್ಪಟ್ಟಿದ್ದ ಭಾಷಾಂತರ ಸಂಸ್ಥೆಯು ವಿಜ್ಞಾನಗ್ರಂಥಗಳನ್ನು ಉರ್ದುವಿಗೆ ತಂದು ಪಾರಿಭಾಷಿಕ ಶಬ್ದಗಳನ್ನು ನಿರ್ಮಿಸಿತು. ಆಗ ಬೀದರವು ನಿಜಾಮರ ಸಂಸ್ಥಾನದಲ್ಲಿತ್ತು. ದೇಶಭಾಷೆಯಲ್ಲಿ ಉಚ್ಚವಿಜ್ಞಾನವನ್ನು ಕಲಿಸಬಹುದೆಂಬ ಸಿದ್ಧಾಂತಕ್ಕೆ ಬೀದರದವರು ಹತ್ತಿರದ ಸಾಕ್ಷಿಗಳಾಗಿದ್ದರು. ಆದರೆ ಆ ದೇಶಭಾಷೆ ಅವರ ಮನೆಮಾತಾದ ಕನ್ನಡವಾಗಿರಲಿಲ್ಲ. ಔರಾದು ಸೀಮೆಯ ಕಮಲನಗರದಲ್ಲಿಯೂ ಭಾಲ್ಕಿಯಲ್ಲಿಯೂ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಹಲಗೆಯನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ಆ ಪ್ರಾಂತದ ಜನ ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ.

೧೯೫೬ರಲ್ಲಿ ಬೀದರವು ಕನ್ನಡನಾಡಿಗೆ ಸೇರಿತು. ೧೯೮೦ರಲ್ಲಿ ಬೀದರದಲ್ಲಿ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜೂ, ೧೯೮೨ರಲ್ಲಿ ಭಾಲ್ಕಿಯಲ್ಲಿ ಇಂದು ಭೀಮಣ್ಣ ಖಂಡ್ರೆಯವರ ಹೆಸರಿನಲ್ಲಿರುವ ಕಾಲೇಜೂ ಆರಂಭವಾದುವು. ಬೀದರದಿಂದ ಹೈದರಾಬಾದಿಗೆ ಹೋಗುವಾಗ ಆ ನಗರದ ಹೊಸ್ತಿಲಲ್ಲಿರುವ ರಾಮಚಂದ್ರಪುರದ ಬಿ.ಎಚ್.ಇ.ಎಲ್. ಕಾರ್ಖಾನೆಯಲ್ಲಿ ಕೇಂದ್ರಾಪಗಾಮಿ ಸಂಪೀಡಕಗಳು ತಯಾರಾಗುತ್ತವೆ. ೨೦೨೧ರಲ್ಲಿ ದೇಶಭಾಷೆಗಳಲ್ಲಿ ಎಂಜಿನಿಯರಿಂಗನ್ನು ಕಲಿಸಲು ಅನುಮತಿ ದೊರೆತಾಗ, ಕನ್ನಡದಲ್ಲಿ ಬೋಧಿಸಲು ಮುಂದೆ ಬಂದ ಕೆಲವೇ ಕಾಲೇಜುಗಳಲ್ಲಿ ಭಾಲ್ಕಿಯದೂ ಒಂದಾಗಿತ್ತು. ಹಲಗೆಯ ಹಿಂದೆ ಕನ್ನಡ ಅಡಗಿದ್ದ ಊರಿನಲ್ಲಿ, ಕನ್ನಡದಲ್ಲಿ ಯಂತ್ರಶಾಸ್ತ್ರವನ್ನು ಕಲಿಸುವ ಮಾತು ಹುಟ್ಟಿತೆಂಬುದು ಸಾಮಾನ್ಯವಾದ ಸಂಗತಿಯಲ್ಲ.

ಆದರೆ ಅನುಮತಿಪತ್ರದಿಂದ ಶಾಸ್ತ್ರಭಾಷೆ ಹುಟ್ಟುವುದಿಲ್ಲ. ಕಷ್ಟವು ಶಬ್ದಗಳ ಅಭಾವದಲ್ಲಿದೆ ಎಂದು ಸಾಧಾರಣವಾಗಿ ಹೇಳುತ್ತಾರೆ. ಮೇಲಿನ ವಿವರಣೆಯನ್ನು ಓದಿದವರಿಗೆ ಕಷ್ಟವು ಅಲ್ಲಿಲ್ಲವೆಂಬುದು ತೋರಿರಬಹುದು. ಎಂಟ್ರೋಪಿ, ಎಂಥಾಲ್ಪಿ, ಇಂಪೆಲ್ಲರ್ ಎಂಬ ಶಬ್ದಗಳನ್ನು ಹಾಗೆಯೇ ಇಟ್ಟುಕೊಂಡರೂ ಕನ್ನಡಕ್ಕೆ ಊನವಿಲ್ಲ. ಸಂಸ್ಕೃತ ಪಾರಸಿಗಳಿಂದ ಬಂದ ಸಾವಿರಾರು ಶಬ್ದಗಳನ್ನು ಅರಗಿಸಿಕೊಂಡ ಭಾಷೆಗೆ ಇವು ಭಾರವಾಗಲಾರವು. ಪರಕೀಯ ಶಬ್ದವು ತಾನು ಪರಿಭಾಷೆಯೆಂದು ಮುಖದ ಮೇಲೆಯೇ ಬರೆದುಕೊಂಡು ಬರುತ್ತದೆ, ಓದುಗನು ಎಚ್ಚರಗೊಳ್ಳುತ್ತಾನೆ. ಮೋಸ ಮಾಡುವುವು ಪರಿಚಿತವಾದ ಶಬ್ದಗಳೇ: ದಕ್ಷತೆ, ಶಾಖ, ಉಷ್ಣತೆ, ಕಾರ್ಯ. ಇವು ತಿಳಿದವೆಂದೇ ತೋರುತ್ತವೆ. ಆದುದರಿಂದಲೇ ಯಾವ ಅರ್ಥದಲ್ಲಿ ಎಂದು ಕೇಳುವುದನ್ನು ಮರೆಯುತ್ತೇವೆ. ಈ ಶಬ್ದಗಳಿಗೆ ಎಲ್ಲೆ ಕಟ್ಟುವ ಕೆಲಸ ಯಂತ್ರಶಿಲ್ಪಿಯೊಬ್ಬನಿಂದ ಆಗತಕ್ಕದ್ದಲ್ಲ. ಪದದ ಅರ್ಥವ್ಯಾಪ್ತಿಯನ್ನು ತೂಗಿ ನೋಡುವ ಅಭ್ಯಾಸವುಳ್ಳ ಭಾಷಾವಿದ್ವಾಂಸರೂ ಸಾಹಿತ್ಯದ ಅಧ್ಯಾಪಕರೂ ಅದರಲ್ಲಿ ಕೈಗೂಡಿಸಬೇಕು.

ಸದ್ಯಕ್ಕೆ ಒಂದು ಸಣ್ಣ ಕಟ್ಟಳೆಯನ್ನಾದರೂ ನಾವು ಪಾಲಿಸಬಹುದು. ಕನ್ನಡದ ಪಠ್ಯಪುಸ್ತಕದಲ್ಲಾಗಲಿ ನಿಘಂಟಿನಲ್ಲಾಗಲಿ ಸಂಪೀಡಕದ 'ದಕ್ಷತೆ' ಎಂಬ ಶಬ್ದವನ್ನು ಸಮೋಷ್ಣ, ಸಮಎಂಟ್ರೋಪಿ, ಬಹುವರ್ತನ ಎಂಬ ವಿಶೇಷಣಗಳಲ್ಲಿ ಒಂದಿಲ್ಲದೆ ಬಳಸಬಾರದು. 'ಬಹುವರ್ತನ' ರುಚಿಸದವರು ಬೇರೊಂದು ಶಬ್ದವನ್ನು ತರಲಿ, ಅಥವಾ ಗ್ರೀಕ್ ಶಬ್ದವನ್ನೇ ಇಟ್ಟುಕೊಳ್ಳಲಿ, ಅದರಿಂದ ಹಾನಿಯಿಲ್ಲ. ವಿಶೇಷಣವನ್ನು ಬಿಟ್ಟರೆ ಮಾತ್ರ ೬೫ಕ್ಕೂ ೮೦ಕ್ಕೂ ಇರುವ ಅಂತರವು ಒಂದೇ ಶಬ್ದದೊಳಗೆ ಮರೆಯಾಗಿಹೋಗುತ್ತದೆ.